ಒಂದು ಓಟಿನ ಖರ್ಚು ಯಾರ ಲೆಕ್ಕಕ್ಕೆ? ವಾಷಿಂಗ್ಟನ್ ರಾಜ್ಯದ ಕಾಕಸ್ ಮತ್ತು ಪ್ರೈಮರಿ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. ದೇಶದ ರಾಜಧಾನಿಯಲ್ಲ, ಪಶ್ಚಿಮ ಕರಾವಳಿಯಲ್ಲಿ ಸಿಯಾಟಲ್ ನಗರ ಇರುವ ರಾಜ್ಯ. ಅಲ್ಲಿನ ಕಿಂಗ್ ಕೌಂಟಿಯ ಪೂರ್ವಭಾಗದ ಒಂದು ಪ್ರಿಸಿಂಕ್ಟಿನಲ್ಲಿ 2016ರಲ್ಲಿ ನಾನು ಸ್ವಯಂಸೇವಕನಾಗಿದ್ದೆ. ಪ್ರಿಸಿಂಕ್ಟ್ ಅಂದರೆ ಕೆಲವು ನೂರು ಮತದಾರರಿರುವ ವಾರ್ಡಿನ ಒಂದು ತುಂಡು. ಅದೇ ಪ್ರಿಸಿಂಕ್ಟಿನ ಒಂದು ಕನ್ನಡ ಮನೆ ಈ ಬರಹದ ಕೇಂದ್ರ. ಗುರುತು ಸಿಗಬಾರದೆಂದು ಮನೆಯವರ ಊರು, ವಯಸ್ಸು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಪ್ರಿಸಿಂಕ್ಟಿನೊಳಗಿನ ಎಣಿಕೆಯನ್ನೂ ಕೊಂಚ ಬದಲಿಸಿದ್ದೇನೆ. ರಾಜ್ಯಮಟ್ಟದ ದಿನಾಂಕ, ಫಲಿತಾಂಶ, ಖರ್ಚಿನ ಅಂಕಿಗಳು ಇದ್ದ ಹಾಗೇ ಇವೆ. ಆ ಮನೆಯವರು ಯಾರ ಪರ ಇದ್ದರು ಎಂಬುದನ್ನು ಬರೆಯುವುದಿಲ್ಲ, ಅದು ಇಲ್ಲಿ ಬೇಕಾಗಿಯೂ ಇಲ್ಲ.

ಮನೆಯಲ್ಲಿ ಮೂವರು ಮತದಾರರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಗಸು, ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಅವರ ಗಂಡ. ಗಂಡನ ತಾಯಿ, ಹಾಸನದ ಕಡೆ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಲ್ಲರಿಗೂ ಮೇಡಮ್ಮನವರು. ಅಕ್ಕ 2015ರಲ್ಲಿ ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರು. ಪ್ರಮಾಣವಚನದ ದಿನ ಕೊಟ್ಟ ಪುಟ್ಟ ಬಾವುಟ ಅವರ ಅಡುಗೆಮನೆಯ ಕಿಟಕಿಯಲ್ಲಿ, ತುಳಸಿ ಕುಂಡದ ಮಣ್ಣಿನಲ್ಲೇ ಚುಚ್ಚಿತ್ತು. 2016ರದ್ದು ಅವರ ಮೊದಲ ಅಧ್ಯಕ್ಷೀಯ ಚುನಾವಣೆ.

ಟಿಕೆಟ್ ಕೊಡುವುದು ಯಾರು

ಊರಿನಲ್ಲಿರುವ ಓದುಗರಿಗಾಗಿ ಇಷ್ಟು ಹೇಳಬೇಕು. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಕೈಗೆ ಬಂದ ಮೇಲೆ ಕಾರ್ಯಕರ್ತನಿಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಟಿಕೆಟ್ಟಿಗೇ ಜನ ಓಟು ಹಾಕುತ್ತಾರೆ, ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ಡೆಮಾಕ್ರಟಿಕ್ ಪಕ್ಷದಲ್ಲಿ ಆ ಓಟಿನ ಪ್ರಮಾಣಕ್ಕೆ ತಕ್ಕಂತೆ ರಾಜ್ಯದಿಂದ ಪ್ರತಿನಿಧಿಗಳು ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಹೋಗುತ್ತಾರೆ.

ಇದಕ್ಕೆ ಎರಡು ದಾರಿ. ಒಂದು ಪ್ರೈಮರಿ. ಅದನ್ನು ನಡೆಸುವುದು ಸರ್ಕಾರ, ಮತದಾನ ಗುಪ್ತ, ದುಡ್ಡು ಬೊಕ್ಕಸದ್ದು. ಇನ್ನೊಂದು ಕಾಕಸ್. ಅದು ಪಕ್ಷದ ಸಭೆ. ಒಂದು ನಿಗದಿತ ದಿನ, ನಿಗದಿತ ಹೊತ್ತಿಗೆ ನೆರೆಹೊರೆಯವರು ಶಾಲೆಯಲ್ಲೋ ಸಮುದಾಯ ಭವನದಲ್ಲೋ ಸೇರಿ, ಎಲ್ಲರೆದುರೇ ತಮ್ಮ ಆಯ್ಕೆ ಹೇಳಿ, ವಾದ ಮಾಡಿ, ಎಣಿಸಿ, ಪ್ರತಿನಿಧಿಗಳನ್ನು ಆರಿಸಿ ಎದ್ದು ಹೋಗುತ್ತಾರೆ. ಖರ್ಚು ಪಕ್ಷದ್ದು, ಅಂದರೆ ಸಭೆಯಲ್ಲಿ ಸುತ್ತಿಸುವ ಕಾಣಿಕೆ ಡಬ್ಬಿಯದ್ದು.

ವಾಷಿಂಗ್ಟನ್ ರಾಜ್ಯದಲ್ಲಿ ಈ ಎರಡೂ ಇದ್ದವು. ತೊಡಕು ಇದ್ದದ್ದೇ ಅಲ್ಲಿ. 1988ರಲ್ಲಿ ನಾಗರಿಕರೇ ಸಹಿ ಸಂಗ್ರಹಿಸಿ ಪ್ರೈಮರಿ ಬೇಕೆಂದು ಕೇಳಿದರು, 1989ರಲ್ಲಿ ಶಾಸನಸಭೆ ಅದನ್ನು ಕಾನೂನು ಮಾಡಿತು. ಆ ಕಾನೂನಿನ ಮೊದಲ ಕಲಮಿನಲ್ಲೇ ಕಾರಣವನ್ನು ಬಿಡಿಸಿ ಬರೆದಿದ್ದಾರೆ: ಕಾಕಸ್ ಪದ್ಧತಿ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಸಂಜೆ ಪಾಳಿಯ ಕೆಲಸದವರಿಗೆ ಅನ್ಯಾಯ ಮಾಡುತ್ತದೆ ಎಂದು. ನಾನು ಅದನ್ನು ಮೊದಲು ಓದಿದಾಗ ಅಕ್ಕನ ಮನೆಯನ್ನೇ ನೋಡಿ ಬರೆದ ಹಾಗಿತ್ತು.

ಆದರೆ ಸರ್ಕಾರ ಪ್ರೈಮರಿ ನಡೆಸಬಹುದು, ಅದರ ಫಲಿತಾಂಶವನ್ನು ಒಪ್ಪಿಕೊಳ್ಳಿ ಎಂದು ಪಕ್ಷದ ಕೈ ಹಿಡಿದು ತಿರುಚಲಾಗದು. ಪಕ್ಷ ಒಂದು ಸಂಘ, ತನ್ನ ಅಭ್ಯರ್ಥಿಯನ್ನು ಆರಿಸುವ ರೀತಿ ಅದರ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 1981ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತ್ತು. ಹಾಗಾಗಿ 1992ರಲ್ಲಿ ಮೊದಲ ಪ್ರೈಮರಿ ನಡೆದರೂ ಡೆಮಾಕ್ರಟಿಕ್ ಪಕ್ಷ ತನ್ನ ಪ್ರತಿನಿಧಿಗಳನ್ನು ಕಾಕಸ್ ಮೂಲಕವೇ ಆರಿಸುತ್ತ ಬಂತು. 2004ರಲ್ಲಿ ಮತ್ತು 2012ರಲ್ಲಿ ದುಡ್ಡು ಉಳಿಸಲು ಪ್ರೈಮರಿಯನ್ನೇ ಕೈಬಿಟ್ಟರು. 2008ರಲ್ಲಿ ಎರಡೂ ನಡೆದವು: ಕಾಕಸ್‌ನಲ್ಲಿ ಒಬಾಮಾಗೆ ಮೂರರಲ್ಲಿ ಎರಡು ಪಾಲು ಬೆಂಬಲ, ಹತ್ತು ದಿನ ಬಿಟ್ಟು ನಡೆದ ಪ್ರೈಮರಿಯಲ್ಲಿ ಅದೇ ಒಬಾಮಾ ಐದೇ ಶೇಕಡದ ಆಸುಪಾಸಿನಲ್ಲಿ ಮುಂದೆ. ಒಂದೇ ರಾಜ್ಯ, ಅದೇ ಅಭ್ಯರ್ಥಿಗಳು. ಅದನ್ನು ಎಚ್ಚರಿಕೆಯಾಗಿ ಯಾರೂ ತೆಗೆದುಕೊಳ್ಳಲಿಲ್ಲ.

ಮಾರ್ಚ್ 26ರ ಶನಿವಾರ

ಡೆಮಾಕ್ರಟಿಕ್ ಪಕ್ಷದ 2016ರ ಕಾಕಸ್ ಗೊತ್ತಾದದ್ದು ಮಾರ್ಚ್ 26, ಶನಿವಾರ ಬೆಳಗ್ಗೆ ಹತ್ತಕ್ಕೆ. ಮರುದಿನ ಈಸ್ಟರ್ ಭಾನುವಾರ. ಕಚೇರಿ ಕೆಲಸದವರಿಗೆ ಶನಿವಾರ ಒಳ್ಳೆಯ ದಿನ, ನಿಜ. ಆಸ್ಪತ್ರೆ, ಅಂಗಡಿ, ಹೋಟೆಲ್, ಗೋದಾಮುಗಳಲ್ಲಿ ದುಡಿಯುವವರಿಗೆ ಹಬ್ಬದ ಹಿಂದಿನ ಶನಿವಾರ ಅಂದರೆ ರಜೆ ಕೇಳುವ ಹಾಗೇ ಇಲ್ಲ.

ಬರಲಾಗದವರಿಗೆ ಒಂದು ದಾರಿ ಇಟ್ಟಿದ್ದರು. ಕೆಲಸದ ಪಾಳಿ, ಕಾಯಿಲೆ, ಅಂಗವೈಕಲ್ಯ, ಸೇನೆಯ ಸೇವೆ, ಧಾರ್ಮಿಕ ಆಚರಣೆ, ಇಂಥ ಕಾರಣವಿದ್ದರೆ ಒಂದು ಅಫಿಡವಿಟ್ ಫಾರಂ ತುಂಬಿ ಮುಂಚಿತವಾಗಿ ಕಳಿಸಬಹುದಿತ್ತು. ಅದಕ್ಕೆ ಗಡುವು ಸುಮಾರು ಒಂದು ವಾರ ಮೊದಲೇ ಮುಗಿಯುತ್ತಿತ್ತು. ಫಾರಂ ಇದೆ ಎಂಬುದನ್ನು ನಾನು ಅಕ್ಕನಿಗೆ ಹೇಳಿದ್ದೆ. ಅವರು ಆಗ ತುಂಬಲಿಲ್ಲ, ಯಾಕೆಂದರೆ ಆಗಿನ್ನೂ ಶನಿವಾರ ಅವರಿಗೆ ಡ್ಯೂಟಿ ಇರಲಿಲ್ಲ. ತಾನೇ ಹೋಗಿ ನಿಂತು ಹೆಸರು ಹೇಳಬೇಕು ಅನ್ನುವ ಆಸೆ ಬೇರೆ.

ಗಡುವು ಕಳೆದ ಎರಡು ದಿನಕ್ಕೆ ಯಾರೋ ಸಹೋದ್ಯೋಗಿಗೆ ಜ್ವರ ಬಂತು, ಪಾಳಿ ಪಟ್ಟಿ ಬದಲಾಯಿತು. ಶನಿವಾರ ಬೆಳಗ್ಗೆ ಏಳರಿಂದ ಸಂಜೆ ಏಳೂವರೆ.

"ನೋಡಪ್ಪ, ಫಾರಂ ಈಗ ಕೊಟ್ರೆ ತಗೊಳ್ಳಲ್ವ?" ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡಿದರು.

ಇಲ್ಲಿ ನಾನು ಮಾಡಿದ ಮೊದಲ ತೀರ್ಮಾನವನ್ನು ದಾಖಲಿಸಬೇಕು. ನಮ್ಮ ಪ್ರದೇಶದ ಸಂಯೋಜಕರಿಗೆ ಕರೆ ಮಾಡಿ ಕೇಳಿದೆ. ಆಗುವುದಿಲ್ಲ ಅಂದರು, ಒಬ್ಬರಿಗೆ ಬಾಗಿಲು ತೆರೆದರೆ ಎಲ್ಲರಿಗೂ ತೆರೆಯಬೇಕು ಅಂದರು. ನಾನು ಒತ್ತಾಯ ಮಾಡಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು, ಅವರೂ ನನ್ನ ಹಾಗೆ ಸಂಬಳವಿಲ್ಲದೆ ದುಡಿಯುತ್ತಿದ್ದವರು. ಆಮೇಲೆ ಅಕ್ಕ ಪಾಳಿ ಅದಲುಬದಲಿಗೆ ಮೂವರನ್ನು ಕೇಳಿದರು. ಈಸ್ಟರ್ ಹಿಂದಿನ ದಿನ, ಎಲ್ಲರಿಗೂ ಮಕ್ಕಳು ಮರಿ. ಸಿಗಲಿಲ್ಲ.

ಗಂಡನಿಗೆ ಅಂದು ಮಗಳನ್ನು ನೋಡಿಕೊಳ್ಳಬೇಕಿತ್ತು. ಕಾಕಸ್‌ಗೆ ಮಕ್ಕಳನ್ನೂ ಕರೆತರಬಹುದಿತ್ತು, ಆದರೆ ಆ ಮಗುವಿಗೆ ಗದ್ದಲ ಆಗಿಬರುವುದಿಲ್ಲ. ಕೊನೆಗೆ ಮೂವರಲ್ಲಿ ಹೊರಟವರು ಮೇಡಮ್ಮನವರು ಒಬ್ಬರೇ, ನನ್ನ ಕಾರಿನಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ರೇಷ್ಮೆ ಅಂಚಿನ ಸೀರೆಯ ಮೇಲೆ ಚಳಿಯ ಕೋಟು ಹಾಕಿಕೊಂಡು.

ಶಾಲೆಯ ಊಟದ ಹಾಲ್. ಪಾರ್ಕಿಂಗಿಗೇ ಇಪ್ಪತ್ತು ನಿಮಿಷ. ಬಾಗಿಲಿನಿಂದ ಹೊರಗೆ ಸಾಲು. ಒಳಗೆ ಹತ್ತಾರು ಪ್ರಿಸಿಂಕ್ಟುಗಳಿಗೆ ಹತ್ತಾರು ಮೇಜು, ಒಂದೊಂದಕ್ಕೂ ಮಾರ್ಕರಿನಲ್ಲಿ ಹೆಸರು ಬರೆದ ರಟ್ಟು. ಮಡಚುವ ಕುರ್ಚಿ ಸಾಲದೆ ಅರ್ಧ ಜನ ನಿಂತೇ ಇದ್ದರು. ನಾನು ಒಂದು ಕುರ್ಚಿ ಹುಡುಕಿ ಮೇಡಮ್ಮನವರನ್ನು ಕೂರಿಸಿದೆ. ಅವರು ಇಂಗ್ಲಿಷ್ ಓದಿ ಬರೆಯುವವರು. ಆದರೆ ಒಂದೇ ಸೂರಿನಡಿ ಹತ್ತು ಕಡೆ ಹತ್ತು ಜನ ಮಾತಾಡುವಾಗ ಅಮೆರಿಕದ ಉಚ್ಚಾರಣೆ ಹಿಡಿಯುವುದು ಅವರ ಕಿವಿಗೆ ಕಷ್ಟವಾಯಿತು. ಹಾಳೆಯಲ್ಲಿ ಹೆಸರು, ವಿಳಾಸ, ತಮ್ಮ ಆಯ್ಕೆ ಬರೆದು ಸಹಿ ಹಾಕಿದರು. ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಹುಡುಗ ಹಾಳೆಯನ್ನು ಇಣುಕಿ ನೋಡಿ, ಬೇರೆಯವರಿಗೆ ಯಾಕೆ ಬೆಂಬಲ ಕೊಡಬಾರದು ಎಂದು ಬಹಳ ಮರ್ಯಾದೆಯಿಂದಲೇ ಕೇಳಿದ. ಅವರು ಉತ್ತರಿಸಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ನನಗೆ ಹೇಳಿದರು, "ಓಟು ಅಂದ್ರೆ ಮರೆಯಲ್ಲಿ ಹಾಕೋದು ಅಂತ ಮಕ್ಕಳಿಗೆ ಹೇಳ್ಕೊಟ್ಟವಳು ನಾನು. ಇವತ್ತು ಆ ಹುಡುಗನ ಮುಂದೆ ಪರೀಕ್ಷೆ ಬರೆದ ಹಾಗಾಯ್ತು."

ಆದರೂ ಅಂದಿನ ಸಭೆಯಲ್ಲಿ ಚೆಲುವು ಇರಲಿಲ್ಲ ಎಂದು ನಾನು ಹೇಳಲಾರೆ. ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಕಾಲೇಜು ಸಾಲದ ಬಗ್ಗೆ ನಡುಗುವ ದನಿಯಲ್ಲಿ ಒಂದು ನಿಮಿಷ ಮಾತಾಡಿದಳು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ ಅಜ್ಜ ಅವಳಿಗೆ ಎದುರು ಮಾತಾಡಿ, ಕೊನೆಗೆ ಅವಳ ಕೈಕುಲುಕಿದರು. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದೂ ಹೆಸರು ಗೊತ್ತಿಲ್ಲದವರು ಅಂದು ಪರಿಚಯವಾದರು. ಕಾಕಸ್ ಉಳಿಯಬೇಕು ಎನ್ನುವವರು ಉಳಿಸಿಕೊಳ್ಳಲು ನೋಡಿದ್ದು ಇದನ್ನೇ. ನನಗೂ ಅದು ಬೇಕಿತ್ತು. ಈಗಲೂ ಬೇಕು.

ಎಣಿಕೆಗೆ ಬರೋಣ. ನಮ್ಮ ಮೇಜಿನಲ್ಲಿ 80 ಜನ, ಆರಿಸಬೇಕಾದ ಪ್ರತಿನಿಧಿಗಳು 5. ಟಿಕೆಟ್ಟಿಗೆ ಪೈಪೋಟಿ ನಡೆಸಿದ್ದ ಇಬ್ಬರಲ್ಲಿ ಬರ್ನಿ ಸ್ಯಾಂಡರ್ಸ್ ಪರ 59, ಹಿಲರಿ ಕ್ಲಿಂಟನ್ ಪರ 21. ಯಾರದ್ದೋ ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಲೆಕ್ಕ ಹಾಕಿದಾಗ 3.69 ಮತ್ತು 1.31 ಬಂತು. ಅಂದರೆ 4 ಮತ್ತು 1. ಕ್ಲಿಂಟನ್ ಪರ ಇನ್ನು ಐದು ಜನ ಬಂದಿದ್ದರೆ ಅದು 3 ಮತ್ತು 2 ಆಗುತ್ತಿತ್ತು. ಸ್ಯಾಂಡರ್ಸ್ ಪರ ಒಂದಷ್ಟು ಜನ ಬಂದಿದ್ದರೂ ಅವರ ಪ್ರತಿನಿಧಿಗಳ ಸಂಖ್ಯೆ ಏರುತ್ತಿರಲಿಲ್ಲ. ನಮ್ಮ ಪ್ರಿಸಿಂಕ್ಟಿನಲ್ಲಿ ಬರಬೇಕೆಂದಿದ್ದು ಬರಲಾಗದವರು ಏಳು ಜನ ನನಗೇ ಗೊತ್ತಿದ್ದರು. ಅವರು ಯಾರ ಪರವೋ ಗೊತ್ತಿಲ್ಲ. ಐವರಲ್ಲಿ ಒಬ್ಬ ಪ್ರತಿನಿಧಿ ಯಾರವನು ಎಂಬುದನ್ನು ತೀರ್ಮಾನಿಸಲು ಸಾಕಾಗುವಷ್ಟು ಜನ ಆ ಬೆಳಗ್ಗೆ ಆಸ್ಪತ್ರೆಯಲ್ಲೂ ಅಂಗಡಿಯ ಗಲ್ಲಾದ ಹಿಂದೆಯೂ ಇದ್ದರು ಎಂಬುದು ಮಾತ್ರ ಗೊತ್ತು.

ರಾಜ್ಯದಾದ್ಯಂತ ಅಂದು ಸೇರಿದವರು ಸುಮಾರು 2.3 ಲಕ್ಷ. ಸ್ಯಾಂಡರ್ಸ್‌ಗೆ ಸುಮಾರು ಶೇ. 73. ರಾಜ್ಯದ 101 ಪ್ರತಿನಿಧಿಗಳಲ್ಲಿ ಕೊನೆಗೆ 74 ಅವರಿಗೆ, 27 ಕ್ಲಿಂಟನ್‌ಗೆ.

ಮೇ ತಿಂಗಳ ಲಕೋಟೆ

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಒಬ್ಬ ನರ್ಸಿಗೆ ರಜೆ ಸಿಗಲಿಲ್ಲ ಎಂಬಷ್ಟೇ ಆಗುತ್ತಿತ್ತು. ಮೇ ತಿಂಗಳಲ್ಲಿ ಅವರ ಮನೆಗೆ ಮೂರು ಲಕೋಟೆ ಬಂದವು. ವಾಷಿಂಗ್ಟನ್‌ನಲ್ಲಿ ಮತದಾನವೆಲ್ಲ ಅಂಚೆಯಲ್ಲೇ. ಮೇ 24ರ ಅಧ್ಯಕ್ಷೀಯ ಪ್ರೈಮರಿಯ ಮತಪತ್ರ.

ಅಕ್ಕನ ಮುಖ ಅರಳಿತ್ತು. "ನೋಡು, ಮನೆ ಬಾಗಿಲಿಗೇ ಬಂತು! ಆವತ್ತು ಹೋಗದಿದ್ರೇನಂತೆ?"

ಊಟದ ಮೇಜಿನ ಮೇಲೆ ಮೂರೂ ಲಕೋಟೆ ಬಿಡಿಸಿ ಇಟ್ಟಿದ್ದರು. ಮೇಡಮ್ಮನವರು ಭೂತಗನ್ನಡಿ ಹಿಡಿದು ಲಕೋಟೆಯ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದರು: ನಾನು ಈ ಪಕ್ಷದವಳು ಎಂದು ಗುರುತು ಮಾಡಿ ಸಹಿ ಹಾಕಬೇಕು, ಇಲ್ಲದಿದ್ದರೆ ಓಟು ಎಣಿಸುವುದಿಲ್ಲ. ಆಗ ನಾನು ಹೇಳಬೇಕಾಯಿತು. ಡೆಮಾಕ್ರಟಿಕ್ ಪಕ್ಷ ಈ ಫಲಿತಾಂಶವನ್ನು ಪ್ರತಿನಿಧಿಗಳ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಮಾರ್ಚಿನಲ್ಲೇ ಆಗಿಹೋಯಿತು ಎಂದು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಹಾಗಾದ್ರೆ ಇದನ್ನ ಯಾಕೆ ಕಳಿಸಿದಾರೆ?" ಅಂದರು ಮೇಡಮ್ಮನವರು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ತಿರುವು ಅದೇ. ಅಲ್ಲಿಯವರೆಗೆ ನಾನು ಕಾಕಸ್ ಪರ ಇದ್ದವನು. ಅಂದಿನಿಂದ ಲೆಕ್ಕ ಹಾಕತೊಡಗಿದೆ.

ಆ ಪ್ರೈಮರಿಗೆ ರಾಜ್ಯದ ಖರ್ಚು ಸುಮಾರು 1.15 ಕೋಟಿ ಡಾಲರ್. ಎರಡೂ ಪಕ್ಷ ಸೇರಿ ಓಟು ಹಾಕಿದವರು ಸುಮಾರು 14 ಲಕ್ಷ. ಒಂದು ಓಟಿಗೆ ಎಂಟು ಡಾಲರಿಗೂ ಚೂರು ಹೆಚ್ಚು. ಅದರಲ್ಲಿ ಡೆಮಾಕ್ರಟಿಕ್ ಪಕ್ಷದ್ದು 8 ಲಕ್ಷ ಓಟು, ಅಂದರೆ 65 ಲಕ್ಷ ಡಾಲರಿನಷ್ಟು. ಒಬ್ಬ ಪ್ರತಿನಿಧಿಯನ್ನೂ ಆರಿಸದ ಮತದಾನಕ್ಕೆ! ಇನ್ನು ಫಲಿತಾಂಶ: ಶೇ. 52 ಪಡೆದು ಕ್ಲಿಂಟನ್ ಗೆದ್ದರು. ಎರಡು ತಿಂಗಳ ಹಿಂದೆ ಅದೇ ರಾಜ್ಯದಲ್ಲಿ ಕಾಲುಭಾಗವನ್ನಷ್ಟೇ ಪಡೆದಿದ್ದವರು. ನಡುವಿನ ಎಂಟು ವಾರದಲ್ಲಿ ಕೆಲವರ ಮನಸ್ಸು ಬದಲಾಗಿರಬಹುದು, ಸ್ಯಾಂಡರ್ಸ್ ಬೆಂಬಲಿಗರು ಎಣಿಕೆಗೆ ಬಾರದ ಓಟಿಗೆ ಉತ್ಸಾಹ ತೋರಿಸದೆ ಇದ್ದಿರಬಹುದು. ಅಷ್ಟರಿಂದಲೇ ಇಷ್ಟು ದೊಡ್ಡ ಅಂತರ ಬಂತೆಂದು ನನಗೆ ಅನ್ನಿಸುವುದಿಲ್ಲ. ಬಾಗಿಲು ಅಗಲವಾದಾಗ ಒಳಗೆ ಬಂದವರೇ ಬೇರೆ.

ರಿಪಬ್ಲಿಕನ್ ಪಕ್ಷ ಪ್ರೈಮರಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅವರ ಮತದಾರರಿಗೆ ಬೇರೆಯದೇ ನಷ್ಟ. ರಾಜ್ಯದ ಚುನಾವಣಾ ಹೊಣೆ ಹೊತ್ತ ಕಿಮ್ ವೈಮನ್ ಪ್ರೈಮರಿಯನ್ನು ಮಾರ್ಚ್ 8ಕ್ಕೆ ತರಲು ಪ್ರಯತ್ನಿಸಿದ್ದರು. ಪಕ್ಷಗಳ ಮತ್ತು ಶಾಸಕರ ಸಮಿತಿಯಲ್ಲಿ ಬೇಕಾದ ಮೂರರಲ್ಲೆರಡು ಬಹುಮತ ಸಿಗಲಿಲ್ಲ. ಮೇ 24 ಬರುವ ಹೊತ್ತಿಗೆ ಟ್ರಂಪ್‌ಗೆ ಎದುರಾಳಿಗಳಾಗಿದ್ದ ಕ್ರೂಜ್, ಕೇಸಿಕ್ ಇಬ್ಬರೂ ಕಣ ಬಿಟ್ಟಾಗಿತ್ತು. ಮತಪತ್ರದಲ್ಲಿ ಅವರ ಹೆಸರಿತ್ತು, ಸ್ಪರ್ಧೆ ಇರಲಿಲ್ಲ.

ಹಾಗಾದರೆ ಕಾಕಸ್ ಅಗ್ಗವೇ? ಕಾಕಸ್‌ಗೆ ಸರ್ಕಾರದ ಒಂದು ಡಾಲರ್ ಕೂಡ ಬೇಕಿಲ್ಲ ಎಂದು ನಾನೇ ಎಷ್ಟೋ ಜನರಿಗೆ ಹೆಮ್ಮೆಯಿಂದ ಹೇಳಿದ್ದೆ. ನಮ್ಮ ಸಭೆ ಮುಗಿಯಲು ಸಾಲು, ಪಾರ್ಕಿಂಗ್ ಸೇರಿ ಮೂರು ಗಂಟೆ ಹಿಡಿಯಿತು. ಎಲ್ಲ ಕಡೆಯೂ ಅಷ್ಟೇ ಎಂದುಕೊಂಡರೆ 2.3 ಲಕ್ಷ ಜನರ ಸುಮಾರು 7 ಲಕ್ಷ ಗಂಟೆ. 2016ರಲ್ಲಿ ವಾಷಿಂಗ್ಟನ್ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 9.47 ಡಾಲರ್. ಗುಣಿಸಿ ನೋಡಿ: 65 ಲಕ್ಷ ಡಾಲರ್. ಪ್ರೈಮರಿಯಲ್ಲಿ ಪಕ್ಷದ ಪಾಲಿಗೆ ಬಿದ್ದ ಖರ್ಚಿನಷ್ಟೇ. ಎರಡೂ ಅಂಕಿ ಇಷ್ಟು ಹತ್ತಿರ ಬಂದದ್ದು ಕಾಕತಾಳೀಯ, ನನ್ನದು ಕೈಲೆಕ್ಕ. ಆದರೆ ವಿಷಯ ಅದರಲ್ಲಿ ಕಾಣುತ್ತದೆ. ಖರ್ಚು ಎಲ್ಲೂ ಉಳಿದಿರಲಿಲ್ಲ, ಬೊಕ್ಕಸದಿಂದ ಜನರ ಶನಿವಾರಕ್ಕೆ ವರ್ಗಾವಣೆಯಾಗಿತ್ತು, ಅಷ್ಟೆ. ತೆರಿಗೆಯನ್ನು ಇದ್ದವರು ಹೆಚ್ಚು, ಇಲ್ಲದವರು ಕಡಿಮೆ ಕಟ್ಟಬಹುದು. ಶನಿವಾರದ ಮೂರು ಗಂಟೆ ಮಾತ್ರ ಎಲ್ಲರಿಗೂ ಒಂದೇ ದರ. ಕೊಡಲಾಗದವರ ಓಟು ಹೋಯಿತು.

ಅಂದು ಮೂವರೂ ಮತಪತ್ರ ತುಂಬಿ ಕಳಿಸಿದರು. ಒಂದು ಲಕೋಟೆಗೆ 47 ಸೆಂಟಿನ ಸ್ಟಾಂಪು, ತಮ್ಮ ದುಡ್ಡಿನಲ್ಲಿ. "ಬಂದ ಕಾಗದಕ್ಕೆ ಉತ್ತರ ಬರೀದೆ ಇರಬಾರದು," ಅಂದರು ಮೇಡಮ್ಮನವರು.

ಬದಲಾವಣೆಯ ಯತ್ನ

ಅಕ್ಕ ಸುಮ್ಮನಿರಲಿಲ್ಲ. ಆ ವರ್ಷದಿಂದ ನಮ್ಮ ಪ್ರದೇಶದ ಪಕ್ಷದ ಸಭೆಗಳಿಗೆ ಪಾಳಿ ತಪ್ಪಿದಾಗಲೆಲ್ಲ ಬಂದು ಕೂರುತ್ತಿದ್ದರು. ಮೊದಲು ಕೇಳಿದ್ದು ಸಣ್ಣದು: ಫಾರಂ ಗಡುವನ್ನು ಕಾಕಸ್ ದಿನದವರೆಗೆ ವಿಸ್ತರಿಸಿ. ನಾನೂ ಅದನ್ನೇ ಬೆಂಬಲಿಸಿದೆ. ಈಗ ಹಿಂದಿರುಗಿ ನೋಡಿದರೆ ಅಲ್ಲಿ ನಾವು ಎರಡು ವರ್ಷ ಕಳೆದೆವು. ಗಡುವು ಚಾಚಿದರೂ ಫಾರಂ ಇದೆಯೆಂದು ಗೊತ್ತಿಲ್ಲದವರಿಗೆ, ಕಾರಣ ಕೊಡಲು ಸಂಕೋಚ ಪಡುವವರಿಗೆ ಅದು ಮುಟ್ಟುವುದಿಲ್ಲ. ಮೇಡಮ್ಮನವರ ಮೊಣಕಾಲಿಗೇ ಆ ಫಾರಂ ಅನ್ವಯವಾಗುತ್ತಿತ್ತು; ಅದು ನನಗೂ ಹೊಳೆದಿರಲಿಲ್ಲ, ಅವರ ಮನೆಯವರಿಗೂ ಹೊಳೆದಿರಲಿಲ್ಲ. ಕಾಯಿಲೆ ಅಂದರೆ ಹಾಸಿಗೆ ಹಿಡಿದಿರಬೇಕು ಎಂದುಕೊಂಡಿದ್ದೆವು.

ಅಷ್ಟರಲ್ಲಿ ಮೇಲುಮಟ್ಟದಲ್ಲೂ ಗಾಳಿ ಬದಲಾಗಿತ್ತು. 2018ರಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿ, ಕಾಕಸ್ ನಡೆಸುವ ರಾಜ್ಯಗಳು ಬಾರದವರಿಗೂ ಭಾಗವಹಿಸಲು ದಾರಿ ಮಾಡಬೇಕು ಎಂದು ನಿಯಮ ತಂದಿತು. 2019ರ ಮಾರ್ಚಿನಲ್ಲಿ ವಾಷಿಂಗ್ಟನ್ ಶಾಸನಸಭೆಯ ಹೊಸ ಕಾನೂನಿಗೆ ರಾಜ್ಯಪಾಲ ಜೇ ಇನ್ಸ್‌ಲಿ ಸಹಿ ಹಾಕಿದರು, ಪ್ರೈಮರಿ ಮಾರ್ಚ್ ತಿಂಗಳ ಎರಡನೇ ಮಂಗಳವಾರಕ್ಕೆ ಬಂತು. ಪಕ್ಷ ಎರಡು ಕರಡು ಯೋಜನೆ ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತು, ಒಂದು ಕಾಕಸ್‌ನದ್ದು, ಒಂದು ಪ್ರೈಮರಿಯದ್ದು.

ಅಕ್ಕ ಬರೆದು ಕಳಿಸಿದ್ದು ಅರ್ಧ ಪುಟ. ಅದರ ಜೊತೆ 2016ರ ಮಾರ್ಚ್ ಕೊನೆಯ ವಾರದ ತಮ್ಮ ಪಾಳಿ ಪಟ್ಟಿಯ ಪ್ರತಿ, ಸಹೋದ್ಯೋಗಿಗಳ ಹೆಸರಿಗೆ ಮಸಿ ಬಳಿದು. ಆ ಪಟ್ಟಿಯಲ್ಲಿ ಶನಿವಾರದ ಚೌಕದಲ್ಲಿ ಹದಿನಾಲ್ಕು ಜನರಿದ್ದರು. ಕಾಕಸ್ ಬೇಕೋ ಬೇಡವೋ ಎಂದು ನಾವು ಗಂಟೆಗಟ್ಟಲೆ ಮಾಡಿದ ವಾದಕ್ಕಿಂತ ಆ ಒಂದು ಹಾಳೆ ಹೆಚ್ಚು ಹೇಳುತ್ತಿತ್ತು. ಇದನ್ನು ಓದುವ ಯಾರಾದರೂ ತಮ್ಮ ಸಂಘದಲ್ಲೋ ಊರಲ್ಲೋ ಇಂಥದ್ದೇ ವಾದದಲ್ಲಿದ್ದರೆ, ಬಾರದವರ ಪಟ್ಟಿಯನ್ನು ಮೊದಲು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಸಭೆಗೆ ಬಂದವರನ್ನೇ ಸಭೆ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ.

ಏಪ್ರಿಲ್‌ನಲ್ಲಿ ಪಕ್ಷದ ರಾಜ್ಯ ಸಮಿತಿ ದೊಡ್ಡ ಬಹುಮತದಿಂದ ಪ್ರೈಮರಿಯನ್ನು ಒಪ್ಪಿತು.

2020: ಒದ್ದೆ ಸ್ಪಂಜು

ಮತಪತ್ರಗಳು ಫೆಬ್ರುವರಿ ಮೂರನೇ ವಾರ ಅಂಚೆಗೆ ಬಿದ್ದವು, ಈ ಸಲ ಅಂಚೆ ಖರ್ಚೂ ಸರ್ಕಾರದ್ದೇ. ಅಕ್ಕ ಅಂದೇ ತುಂಬಿ ಅಂದೇ ಡಬ್ಬಿಗೆ ಹಾಕಿದರು. ನಾಲ್ಕು ವರ್ಷ ಕಾದ ಓಟು! ಮೇಡಮ್ಮನವರು ಮಾತ್ರ ತಮ್ಮದನ್ನು ತೆಗೆದಿಟ್ಟುಕೊಂಡರು, ಪರೀಕ್ಷೆಯ ಕೊನೇ ಗಂಟೆಯವರೆಗೆ ಉತ್ತರ ಪತ್ರಿಕೆ ಕೊಡುವುದಿಲ್ಲ ಎನ್ನುತ್ತ.

ಫೆಬ್ರುವರಿ 29ರಂದು ಕಿರ್ಕ್‌ಲ್ಯಾಂಡಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಕೊರೊನಾ ಹರಡಿದ ಸುದ್ದಿ ಬಂತು. ನಮ್ಮ ಕೌಂಟಿಯೇ. ಅಕ್ಕ ಮನೆಗೆ ಬಂದು ಗ್ಯಾರೇಜಿನಲ್ಲೇ ಬಟ್ಟೆ ಬದಲಿಸತೊಡಗಿದರು. ಮತದಾರರು ಲಕೋಟೆಯ ಅಂಟನ್ನು ನಾಲಿಗೆಯಿಂದ ನೆಕ್ಕಬಾರದು, ಒದ್ದೆ ಸ್ಪಂಜು ಅಥವಾ ಬಟ್ಟೆ ಬಳಸಿ ಎಂದು ಚುನಾವಣಾ ಅಧಿಕಾರಿಗಳು ಹೇಳಿದರು. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಕತ್ತರಿಸಿ, ಬಟ್ಟಲಿನಲ್ಲಿ ನೀರಿಟ್ಟು ಮೇಡಮ್ಮನವರು ಲಕೋಟೆ ಅಂಟಿಸಿದ್ದನ್ನು ಅವರ ಮಗ ನನಗೆ ವಿಡಿಯೋ ಕರೆಯಲ್ಲಿ ತೋರಿಸಿದರು. ಪ್ರೈಮರಿ ಮಾರ್ಚ್ 10, ಮಂಗಳವಾರ. ಮರುದಿನ ರಾಜ್ಯಪಾಲರು ನಮ್ಮ ಕೌಂಟಿಯೂ ಸೇರಿ ಮೂರು ಕೌಂಟಿಗಳಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವುದನ್ನು ನಿಷೇಧಿಸಿದರು. ಆ ಊಟದ ಹಾಲ್, ಆ ಸಾಲು, ಕುರ್ಚಿ ಸಾಲದೆ ನಿಂತ ಜನ, ನಡುವೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಮೇಡಮ್ಮನವರು: ಅದನ್ನು ನೆನೆದರೆ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಓಟು ಹಾಕಿದವರು 15 ಲಕ್ಷಕ್ಕೂ ಹೆಚ್ಚು. 2016ರ ಕಾಕಸ್‌ಗೆ ಬಂದದ್ದು 2.3 ಲಕ್ಷ. ಬೈಡನ್ ಶೇ. 38ರ ಸಮೀಪ, ಸ್ಯಾಂಡರ್ಸ್ ಶೇ. 37ರ ಸಮೀಪ. ಪ್ರತಿನಿಧಿಗಳು 46 ಮತ್ತು 43.

ಆದರೆ ಅಕ್ಕನ ಓಟು ಮತ್ತೆ ಪ್ರತಿನಿಧಿಗಳ ಲೆಕ್ಕದ ಹೊರಗೇ ಉಳಿಯಿತು. ಅವರು ಲಕೋಟೆ ಹಾಕಿದ ಮೇಲೆ ದಕ್ಷಿಣ ಕರೋಲಿನಾ ರಾಜ್ಯದ ಪ್ರೈಮರಿ ಆಯಿತು, ಹಲವು ರಾಜ್ಯಗಳು ಒಂದೇ ದಿನ ಓಟು ಹಾಕುವ ಸೂಪರ್ ಟ್ಯೂಸ್‌ಡೇ ಮಾರ್ಚ್ 3ರಂದು ಆಯಿತು. ಬುಟಿಜೆಜ್, ಕ್ಲೋಬುಶಾರ್, ಬ್ಲೂಮ್‌ಬರ್ಗ್, ವಾರನ್ ಒಬ್ಬರ ಹಿಂದೊಬ್ಬರು ಕಣ ಬಿಟ್ಟರು. ಅಕ್ಕ ಆರಿಸಿದ್ದು ಆ ನಾಲ್ವರಲ್ಲಿ ಒಬ್ಬರನ್ನು. ಒಮ್ಮೆ ಸ್ವೀಕೃತವಾದ ಮತಪತ್ರವನ್ನು ಬದಲಿಸಲು ಬರುವುದಿಲ್ಲ. ವಾಷಿಂಗ್ಟನ್‌ನಲ್ಲಿ ಆ ನಾಲ್ವರಿಗೆ ಬಿದ್ದ ಓಟು ಒಟ್ಟು ಮೂರೂವರೆ ಲಕ್ಷಕ್ಕೂ ಹೆಚ್ಚು. ಮೊದಲಿಬ್ಬರ ನಡುವಿನ ಅಂತರ ಇಪ್ಪತ್ತು ಸಾವಿರದ ಆಸುಪಾಸು.

"ಆವತ್ತು ಹೋಗಕ್ಕಾಗದೆ ಓಟು ಹೋಯ್ತು, ಈ ಸಲ ಬೇಗ ಹೋಗಿ ಓಟು ಹೋಯ್ತು ಕಣಪ್ಪ," ಅಂದರು. ಅವರ ದನಿಯಲ್ಲಿ ಸುಸ್ತು ಇತ್ತು. ಆ ದಿನಗಳಲ್ಲಿ ಅವರಿಗೆ ಸುಸ್ತಾಗಲು ಬೇರೆ ಕಾರಣಗಳೂ ಇದ್ದವು.

ಇದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಅದೇ ವರ್ಷ ಅಲಾಸ್ಕಾ, ವಯೋಮಿಂಗ್, ಕಾನ್ಸಾಸ್, ಹವಾಯಿಗಳಲ್ಲಿ ಪಕ್ಷವೇ ನಡೆಸಿದ ಮತದಾನದಲ್ಲಿ ಮತದಾರರು ಒಂದು, ಎರಡು, ಮೂರು ಎಂದು ಆದ್ಯತೆ ಬರೆಯುತ್ತಿದ್ದರು. ಮೊದಲ ಆಯ್ಕೆಯವರಿಗೆ ಪ್ರತಿನಿಧಿ ಸಿಗುವಷ್ಟು ಬೆಂಬಲ ಬಾರದಿದ್ದರೆ ಓಟು ಮುಂದಿನವರಿಗೆ ಹೋಗುತ್ತಿತ್ತು. ಕಾಕಸ್‌ನಲ್ಲಿ ಜನ ಮನಸ್ಸು ಬದಲಿಸಿ ಇನ್ನೊಂದು ಕಡೆಗೆ ಸರಿಯಲು ಅವಕಾಶವಿತ್ತಲ್ಲ, ಅದನ್ನೇ ಕಾಗದದ ಮೇಲೆ ತಂದ ಹಾಗೆ. ನಾವು ಪ್ರೈಮರಿ ಕೇಳುವಾಗ ಇದನ್ನು ಕೇಳಲಿಲ್ಲ. ಕಾಕಸ್ ಬೇಡ ಎಂಬ ಭರದಲ್ಲಿ ಕಾಕಸ್‌ನಲ್ಲಿ ಯಾವುದು ಚೆನ್ನಾಗಿತ್ತು ಎಂದು ಕುಳಿತು ನೋಡಲಿಲ್ಲ. ನಮ್ಮ ಕಡೆಯಿಂದ ಆದ ತಪ್ಪೆಂದರೆ ಇದು.

ಇನ್ನೂ ಎರಡು ಗಂಟು ಬಿಡಿಸದೆ ಉಳಿದಿವೆ. ಆ ವರ್ಷ ರಿಪಬ್ಲಿಕನ್ ಪಕ್ಷ ಮತಪತ್ರಕ್ಕೆ ಕೊಟ್ಟದ್ದು ಟ್ರಂಪ್ ಒಂದೇ ಹೆಸರು. ಆ ಹಾಳೆಗೂ ಖರ್ಚು ಬೊಕ್ಕಸದ್ದು. ಯಾರ ಹೆಸರು ಇರಬೇಕು ಎಂಬುದು ಪಕ್ಷದ ಮಾತು, ಹಣ ಎಲ್ಲರದ್ದು. ಎರಡನೆಯದು ಲಕೋಟೆಯ ಮೇಲಿನ ಪಕ್ಷದ ಚೌಕ. ವಾಷಿಂಗ್ಟನ್‌ನಲ್ಲಿ ಮತದಾರರ ಪಟ್ಟಿಯಲ್ಲಿ ಪಕ್ಷ ನಮೂದಿಸುವ ಪದ್ಧತಿ ಇಲ್ಲ. ಪ್ರೈಮರಿಯಲ್ಲಿ ಮಾತ್ರ ಗುರುತು ಮಾಡಲೇಬೇಕು, ಯಾರು ಯಾವ ಪಕ್ಷಕ್ಕೆ ಗುರುತು ಮಾಡಿದರೆಂಬ ಪಟ್ಟಿ ಪಕ್ಷಗಳ ಕೈಗೆ ಹೋಗುತ್ತದೆ. ಯಾರಿಗೆ ಓಟು ಹಾಕಿದರೆಂಬುದು ಗುಟ್ಟಾಗಿಯೇ ಇರುತ್ತದೆ. ಅಕ್ಕನ ಗಂಡ ಆ ಚೌಕವನ್ನು ಖಾಲಿ ಬಿಟ್ಟು ಕಳಿಸಿದ್ದರು. ತಾನು ಯಾವ ಪಕ್ಷದವನೂ ಅಲ್ಲ ಎಂಬುದು ಅವರ ನಿಲುವು. ಅವರ ಓಟು ಎಣಿಕೆಯಾಗಲಿಲ್ಲ. ಅವರಿಗೂ ತೆರಿಗೆ ಇದೆ. ಪಕ್ಷ ತನ್ನ ಅಭ್ಯರ್ಥಿಯನ್ನು ತನ್ನವರಿಂದಲೇ ಆರಿಸಿಕೊಳ್ಳಬೇಕೆನ್ನುವುದು ನ್ಯಾಯವೇ. ಹಾಗಿದ್ದ ಮೇಲೆ ಖರ್ಚಿನಲ್ಲಿ ಒಂದು ಪಾಲನ್ನು ಪಕ್ಷಗಳೇ ಹೊರಬೇಕು ಎಂದು ನಾನು ವಾದಿಸುತ್ತೇನೆ. ನಮ್ಮ ಸಭೆಗಳಲ್ಲಿ ಈ ಮಾತಿಗೆ ಈವರೆಗೆ ಒಬ್ಬರೂ ಕೈ ಎತ್ತಿಲ್ಲ.

2024ರಲ್ಲಿ ಪ್ರೈಮರಿ ಮಾರ್ಚ್ 12ಕ್ಕೆ ಬಿತ್ತು. ಲಕೋಟೆಗಳು ಬಂದ ದಿನವೇ ಅಕ್ಕ ಮೂರನ್ನೂ ಫ್ರಿಜ್ಜಿನ ಬಾಗಿಲಿಗೆ, ಧರ್ಮಸ್ಥಳದಿಂದ ತಂದ ಆಯಸ್ಕಾಂತದ ಕೆಳಗೆ ಸಿಕ್ಕಿಸಿದರು. ಮೂರು ವಾರ ಹಾಲು, ಮೊಸರು ತೆಗೆಯುವಾಗೆಲ್ಲ ಅವು ಕಣ್ಣಿಗೆ ಬೀಳುತ್ತಿದ್ದವು. ಮಂಗಳವಾರ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು, ಮೂರನ್ನೂ ಕಿತ್ತುಕೊಂಡು, ಗ್ರಂಥಾಲಯದ ಮುಂದಿನ ಮತಪೆಟ್ಟಿಗೆಗೆ ಹೋದರು. ಪೆಟ್ಟಿಗೆ ಮುಚ್ಚುವುದು ರಾತ್ರಿ ಎಂಟಕ್ಕೆ. ಅವರ ಹಿಂದೆ ಇನ್ನೂ ನಾಲ್ಕು ಕಾರುಗಳಿದ್ದವಂತೆ.